ರಾಣಿಯ ದೋಷಗಳನ್ನು ವಿವರಿಸಿ

'ದೋಷ' ಎಂಬ ಪದ ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ಕಣ್ಣಿನ ದೋಷ, ಜಾತಕದ ದೋಷ, ಕರೆಂಟ್ ಮೀಟರಿನ ದೋಷ, ಇವುಗಳ ಮೇಲೆ ನನ್ನ ತಕರಾರಿಲ್ಲ. ನಾನು ಹೇಳುತ್ತಿರುವುದು ಪ್ರಶ್ನೆಪತ್ರಿಕೆಯಲ್ಲಿ ಬರುವ ದೋಷದ ಬಗ್ಗೆ. ದುರಂತ ನಾಟಕ ಎಂದಮೇಲೆ ಅದರಲ್ಲೊಬ್ಬರು ಸಾಯಬೇಕು, ಸತ್ತವರಲ್ಲಿ ಏನೋ ಒಂದು ದೋಷವಿರಬೇಕು, ಆ ದೋಷವನ್ನು ವಿದ್ಯಾರ್ಥಿಗಳು ಬಿಡಿಬಿಡಿಯಾಗಿ ಅಂಶ ಹಾಕಿ ಬರೆಯಬೇಕು. ಸಾಯಲು ಬಿಟ್ಟವರಲ್ಲಿ ಏನು ದೋಷವಿತ್ತು ಎಂದು ಯಾವ ಪತ್ರಿಕೆಯೂ ಕೇಳಿದ್ದನ್ನು ನಾನು ಇದುವರೆಗೆ ಕಂಡಿಲ್ಲ.

ನನ್ನ ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಕೆಲಸ ಸಿರುಗುಪ್ಪದ ಒಂದು ಪದವಿ ಕಾಲೇಜಿನಲ್ಲಿ, ಕನ್ನಡದ ಅತಿಥಿ ಉಪನ್ಯಾಸಕಿಯಾಗಿ. ವರ್ಷಗಳಿಂದ ಅತಿಥಿಯಾಗಿಯೇ ಇದ್ದೇನೆ. ನಮ್ಮ ಮನೆಗೆ ಬಂದ ನೆಂಟರು ಯಾರಾದರೂ ಇಷ್ಟು ದಿನ ಉಳಿದಿದ್ದರೆ ನಾನೇ ಬಸ್ಸು ಹತ್ತಿಸಿ ಬರುತ್ತಿದ್ದೆ. ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುತ್ತೇನೆ. ಬಸ್ಸಿನಲ್ಲಿ ಸೀಟು ಸಿಕ್ಕರೆ ಪಾಠದ ತಯಾರಿ, ಸಿಗದಿದ್ದರೆ ಕಂಬಿ ಹಿಡಿದುಕೊಂಡು ಸಿಟ್ಟಿನ ತಯಾರಿ. ಎರಡಕ್ಕೂ ದಾರಿ ಸಾಕಷ್ಟು ಉದ್ದವಿದೆ.

ಐಚ್ಛಿಕ ಕನ್ನಡದ ಕೊನೆಯ ವರ್ಷಕ್ಕೆ ಆಗ ಒಂದು ದುರಂತ ನಾಟಕ ಪಠ್ಯವಾಗಿತ್ತು. ಸಮುದ್ರದಾಚೆಯಿಂದ ಬಹಳ ಹಿಂದೆಯೇ ಕನ್ನಡಕ್ಕೆ ಬಂದ ನಾಟಕ. ಹೆಸರು ಹೇಳುವುದಿಲ್ಲ. ಹೇಳಿದರೆ ಅದಕ್ಕೆ ಗೈಡು ಬರೆದವರು ಯಾರೆಂದು ಗೊತ್ತಾಗುತ್ತದೆ, ಆಮೇಲೆ ಅವರು ನನ್ನ ಮೇಲೆ ಬರುತ್ತಾರೆ. ಕಥೆ ಮಾತ್ರ ಹೇಳುತ್ತೇನೆ, ಯಾಕೆಂದರೆ ನನ್ನ ಜಗಳವೆಲ್ಲ ಇರುವುದು ಕಥೆಯಲ್ಲೇ.

ರಾಜನೊಬ್ಬ ಯುದ್ಧಕ್ಕೆ ಹೋಗುತ್ತಾನೆ. ಅವನು ಸತ್ತನೆಂದು ರಾಣಿಗೆ ಗುಟ್ಟಾಗಿ ಸುದ್ದಿ ಬರುತ್ತದೆ. ಊರಿಗೆ ತಿಳಿದರೆ ಸಿಂಹಾಸನಕ್ಕೆ ಕಿತ್ತಾಟ ಶುರುವಾಗಿ ಊರು ಹಾಳಾಗುತ್ತದೆ ಎಂದು ಅವಳು ಆ ಸುದ್ದಿಯನ್ನು ನುಂಗಿಕೊಳ್ಳುತ್ತಾಳೆ. ರಾಜ ಮರಳಿ ಬಂದಿದ್ದಾನೆ, ಕಾಯಿಲೆಯಿಂದ ಒಳಮನೆಯಲ್ಲಿ ಮಲಗಿದ್ದಾನೆ ಎಂದು ಸಾರಿ, ಅವನ ಮುದ್ರೆ ಒತ್ತಿ, ವರ್ಷಗಟ್ಟಲೆ ತಾನೇ ರಾಜ್ಯ ನಡೆಸುತ್ತಾಳೆ. ಕಣಜ ತುಂಬಿಸುತ್ತಾಳೆ, ಬಿದ್ದ ಕೋಟೆ ಕಟ್ಟಿಸುತ್ತಾಳೆ. ಒಂದು ದಿನ ರಾಜ ನಿಜವಾಗಿಯೂ ಬದುಕಿ ಬರುತ್ತಾನೆ. ಒಳಗೊಬ್ಬ ರಾಜನಿರುವಾಗ ಹೊರಗಿನಿಂದ ಇನ್ನೊಬ್ಬ ಎಲ್ಲಿಂದ ಬಂದ? ಮೋಸಗಾರನೆಂದು ಹಿಡಿದು ಸಭೆಗೆ ತರುತ್ತಾರೆ. ಗುರುತು ಹೇಳಬೇಕಾದವಳು ರಾಣಿ. ಇವನು ನನ್ನ ಗಂಡನಲ್ಲ ಎಂದರೆ ಅವನ ತಲೆ ಹೋಗುತ್ತದೆ. ಹೌದು ಎಂದರೆ ಅವಳ ಸುಳ್ಳು ಬಯಲಾಗಿ ಅವಳ ತಲೆ ಹೋಗುತ್ತದೆ, ಏಕೆಂದರೆ ರಾಜಮುದ್ರೆ ಕದ್ದವರಿಗೆ ಆ ಊರಿನಲ್ಲಿ ಸಾವೇ ಶಿಕ್ಷೆ. ರಾಣಿ ಹೌದು ಎನ್ನುತ್ತಾಳೆ. ಹೊತ್ತು ಮುಳುಗುವುದರೊಳಗೆ ವಿಷ ಕುಡಿಯಬೇಕೆಂದು ಸಭೆ ತೀರ್ಪು ಕೊಡುತ್ತದೆ. ಅದನ್ನು ರದ್ದು ಮಾಡುವ ಅಧಿಕಾರ ಇರುವುದು ರಾಜನೊಬ್ಬನಿಗೆ. ಅವನು ಗುಡಿಯಲ್ಲಿ ಕೂತು ಯೋಚಿಸುತ್ತಾನೆ. ಯೋಚಿಸಿ ಮುಗಿಸಿ ಓಡಿ ಬರುವಷ್ಟರಲ್ಲಿ ರಾಣಿ ಸತ್ತಿರುತ್ತಾಳೆ.

ಇದಿಷ್ಟನ್ನೂ ಓದಿ ಅರಗಿಸಿಕೊಂಡ ಮೇಲೆ ಗೈಡು ಏನು ಹೇಳುತ್ತದೆ? ರಾಣಿಯ ದೋಷಗಳು: ಅಧಿಕಾರದಾಹ, ಅಸತ್ಯ, ಹಟ, ಗಂಡನ ಸಾವಿನ ಸುದ್ದಿಯನ್ನು ಪರೀಕ್ಷಿಸದೆ ನಂಬಿದ ಆತುರ. ರಾಜನ ಗುಣಗಳು: ಧರ್ಮನಿಷ್ಠೆ, ವಿವೇಚನೆ. ವಿವೇಚನೆಯಂತೆ. ಮಧ್ಯಾಹ್ನದಿಂದ ಸಂಜೆಯವರೆಗೆ ಹೆಂಡತಿಯ ಜೀವ ಉಳಿಸಲೋ ಬೇಡವೋ ಎಂದು ಕೂತವನಿಗೆ ವಿವೇಚನೆ ಎಂದು ಬಿರುದು ಕೊಟ್ಟವರ ಮನೆಯಲ್ಲಿ ಬೆಂಕಿ ಬಿದ್ದರೆ, ಆರಿಸಲು ಅಂಥವನನ್ನೇ ಕರೆಯಲಿ ಎಂದು ನನಗೆ ಪ್ರತಿ ವರ್ಷವೂ ಅನ್ನಿಸುತ್ತಿತ್ತು.

ಆ ವರ್ಷದ ತರಗತಿಯಲ್ಲಿ ಸಿರಿಗೇರಿಯಿಂದ ಬರುವ ಒಬ್ಬ ಹುಡುಗಿ ಇದ್ದಳು. ತಂದೆ ತಾಯಿ ಇಲ್ಲ, ಬೈಕ್ ರಿಪೇರಿಯ ಗ್ಯಾರೇಜು ಇಟ್ಟಿರುವ ಅಣ್ಣನೇ ಸಾಕಿದವನು. ಸೋದರಮಾವನ ಮನೆಯವರು ಆಕೆಯನ್ನು ತಮ್ಮ ಮಗನಿಗೆ ಕೇಳುತ್ತಲೇ ಇದ್ದರು. ಅಣ್ಣ ಒಂದು ಮಾತು ಕೊಟ್ಟಿದ್ದ: ಡಿಗ್ರಿ ಪಾಸಾದರೆ ಎಂ.ಎ. ಓದಲು ಬಳ್ಳಾರಿಗೆ ಕಳಿಸುತ್ತೇನೆ, ಫೇಲಾದರೆ ಮದುವೆ. ಇದನ್ನು ಆಕೆಯೇ ನನಗೆ ಹೇಳಿದ್ದಳು, ಹವಾಮಾನ ವರದಿ ಓದಿದಷ್ಟು ಸಲೀಸಾಗಿ. ತರಗತಿಯಲ್ಲಿ ಬಾಯಿ ಬಿಡುತ್ತಿದ್ದದ್ದು ಅಪರೂಪ. ಆದರೆ ಕೊನೆಯ ಅಂಕದ ಪಾಠ ಮುಗಿದ ದಿನ ಎದ್ದು ನಿಂತಳು.

"ಮೇಡಂ, ಮಧ್ಯಾಹ್ನದಿಂದ ಹೊತ್ತು ಮುಣಗೋತನಕ ರಾಜ ಗುಡ್ಯಾಗ ಕುಂತು ಏನ್ ಮಾಡ್ತಿದ್ದ?"

"ವಿಚಾರ ಮಾಡ್ತಿದ್ನವಾ. ಧರ್ಮ ದೊಡ್ಡದೋ, ಹೇಣ್ತಿ ದೊಡ್ಡಾಕಿನೋ ಅಂತ."

"ಸಭಾದಾಗ 'ಹೌದು, ಇವ್ರು ನನ್ನ ಗಂಡ' ಅನ್ನಾಕ ಆಕಿ ಎಷ್ಟೊತ್ತು ತಗೊಂಡ್ಲು?"

ನಾನು ಪುಸ್ತಕ ತಿರುವಿದೆ. ಅಲ್ಲಿ ಕಂಸದಲ್ಲಿ ಒಂದು ಸೂಚನೆಯಿತ್ತು: ರಾಣಿ ತಡಮಾಡದೆ. ಅಷ್ಟು ವರ್ಷ ಆ ನಾಟಕ ಕಲಿಸಿದ್ದರೂ ಆ ಎರಡು ಪದ ನನ್ನ ಕಣ್ಣಿಗೆ ಹಾಗೆ ಬಿದ್ದಿರಲಿಲ್ಲ. ಗಟ್ಟಿಯಾಗಿ ಓದಿದೆ.

"ಮತ್ತ ದೋಷ ಯಾರ್ದಾತು ಮೇಡಂ?" ಎಂದು ಕೇಳಿ ಅವಳು ಕೂತುಬಿಟ್ಟಳು.

ತರಗತಿ ನಕ್ಕಿತು. ನನಗೆ ಖುಷಿಯಾಯಿತು. ಇಂಥ ಒಂದು ಪ್ರಶ್ನೆ ಕೇಳುವವರು ಸಿಕ್ಕರೆ ಬಸ್ಸಿನ ಕಂಬಿ ಹಿಡಿದು ನಿಂತದ್ದೆಲ್ಲ ಮರೆತುಹೋಗುತ್ತದೆ. ಆ ಹೊತ್ತಿಗೆ ಕಾಲೇಜಿನ ವಾರ್ಷಿಕೋತ್ಸವವೂ ಹತ್ತಿರ ಬಂದಿತ್ತು. ಈ ಕೊನೆಯ ಅಂಕವನ್ನೇ ಆಡಿಸೋಣ, ರಾಣಿಯ ಪಾತ್ರವನ್ನು ಆಕೆಯೇ ಮಾಡಲಿ ಎಂದು ನಾನು ಹಟ ಹಿಡಿದೆ. ಪ್ರಾಂಶುಪಾಲರು ಒಪ್ಪಿದರು, ಆದರೆ ಕಲಿಸಲು ಕುರುಗೋಡಿನ ಪೇಟಿ ಮಾಸ್ತರನ್ನು ಗೊತ್ತುಮಾಡಿದರು. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಸುತ್ತಲ ಊರುಗಳಲ್ಲಿ ಯಾರು ನಾಟಕ ಆಡಿದರೂ ಮಾತು, ಹಾಡು, ಕುಣಿತ ಎಲ್ಲವನ್ನೂ ಪೇಟಿಯ ಮುಂದೆ ಕೂತು ಕಲಿಸುವವರು ಅವರು. ಕನ್ನಡದಲ್ಲಿ ಎಷ್ಟು ಪದ್ಯ ಬರುತ್ತವೋ ತೆಲುಗಿನಲ್ಲೂ ಅಷ್ಟೇ ಬರುತ್ತವೆ.

ಮಾಸ್ತರ ನಾಟಕಗಳಿಗೆ ಒಂದು ಪದ್ಧತಿಯಿದೆ. ನಾಟಕದಲ್ಲಿ ಯಾರು ಸತ್ತಿರಲಿ, ಕೊನೆಗೆ ಎದ್ದು ಸಾಲಾಗಿ ನಿಂತು ಮಂಗಳಾರತಿ ತೆಗೆದುಕೊಳ್ಳಲೇಬೇಕು. ತಲೆ ಕಡಿಸಿಕೊಂಡ ರಾಕ್ಷಸನೂ ತಲೆಯೊಂದಿಗೆ ಬಂದು ನಿಲ್ಲುತ್ತಾನೆ. ರಂಗದ ಮೇಲೆ ಹೆಣ ಬಿಟ್ಟು ಜನ ಮನೆಗೆ ಹೋಗಬಾರದು. ನನಗೆ ಈ ಪದ್ಧತಿ ಗೊತ್ತಿತ್ತು. ಅದಕ್ಕೇ ಒಂದು ಭಾನುವಾರ ಕುರುಗೋಡಿಗೆ ಹೋಗಿ ಅವರ ಮನೆಯ ಕಟ್ಟೆಯ ಮೇಲೆ ಕೂತೆ. ಮಂಗಳಾರತಿ ಬೇಡವೆನ್ನುವುದಿಲ್ಲ, ಆದರೆ ರಾಣಿ ಸತ್ತಮೇಲೆ ಪರದೆ ಬೀಳಲಿ, ಜನ ಸ್ವಲ್ಪ ಹೊತ್ತು ಸುಮ್ಮನೆ ಕೂರಲಿ, ಆಮೇಲೆ ಪರದೆ ತೆಗೆದು ಆರತಿ ಬೆಳಗಿ ಎಂದೆ.

"ಮೇಡಮ್ಮೋರ, ಸತ್ತಾಕಿನ್ನ ಹಂಗಽ ಬಿಟ್ಟು ಪರದಿ ಹಾಕಿದ್ರ ಮಂದಿ ಮನಿಗೆ ಏನ್ ಕಟ್ಕೊಂಡು ಹೋಗಬೇಕು? ಅದೂ ಮದುವಿ ಆಗದ ಹುಡುಗಿ. ಆಕಿ ಅಣ್ಣ ಎದುರಿಗೆ ಕುಂತಿರ್ತಾನ," ಎಂದರು ಮಾಸ್ತರು.

"ಸಾಯೋದಽ ಈ ನಾಟಕ, ಮಾಸ್ತರ. ಆಕಿ ಎದ್ದು ಕುಂತ್ರ ರಾಜಗ ಏನ್ ಬುದ್ಧಿ ಬಂದಂಗಾತು?"

"ಆತು ಬಿಡ್ರಿ."

ನಮ್ಮ ಕಡೆಯವರು 'ಆತು ಬಿಡ್ರಿ' ಎಂದರೆ ನಿಮ್ಮ ಮಾತು ಸಾಕು, ಚಹಾ ಕುಡಿದು ಹೊರಡಿ ಎಂದಷ್ಟೇ ಅರ್ಥ. ಇದೇ ನೆಲದಲ್ಲಿ ಹುಟ್ಟಿ ಬೆಳೆದ ನಾನು ಅದನ್ನು ಒಪ್ಪಿಗೆ ಎಂದುಕೊಂಡು ಬಸ್ಸು ಹತ್ತಿದೆ.

ವಾರ್ಷಿಕೋತ್ಸವದ ಮಧ್ಯಾಹ್ನ ನಾಟಕ ಚೆನ್ನಾಗಿಯೇ ನಡೆಯಿತು. ಹುಡುಗಿ ಅದ್ಭುತವಾಗಿ ಮಾಡಿದಳು. 'ಹೌದು, ಇವರು ನನ್ನ ಗಂಡ' ಎಂಬ ಮಾತನ್ನು ಅವಳು ಕೂಗಲಿಲ್ಲ, ಅಳಲಿಲ್ಲ. ಮನೆಗೆ ಬಂದವರಿಗೆ ಗಂಡನನ್ನು ಪರಿಚಯ ಮಾಡಿಸುವ ಹಾಗೆ ಹೇಳಿದಳು. ಹಿಂದಿನ ಸಾಲಿನಲ್ಲಿ ಶೇಂಗಾ ತಿನ್ನುತ್ತಿದ್ದವರು ತಿನ್ನುವುದನ್ನು ನಿಲ್ಲಿಸಿದರು. ವಿಷ ಕುಡಿದು ಬಿದ್ದಳು. ರಾಜ ಓಡಿ ಬಂದು ಮಂಡಿಯೂರಿದ. ನಾನು ಪರದೆಯತ್ತ ನೋಡಿದೆ. ಪರದೆ ಅಲ್ಲಾಡಲಿಲ್ಲ. ಪಕ್ಕದ ಪರದೆಯ ಸಂದಿಯಿಂದ ಈಶ್ವರ ಬಂದ.

ಮಾಸ್ತರ ತಂಡದವನೇ. ಮೈಗೆಲ್ಲ ನೀಲಿ ಬಣ್ಣ, ಕೊರಳಲ್ಲಿ ಪ್ಲಾಸ್ಟಿಕ್ ಹಾವು. ಸಮುದ್ರದಾಚೆಯ ಆ ರಾಜ್ಯಕ್ಕೂ ಇವನಿಗೂ ಏನು ಸಂಬಂಧವೋ, ಬಂದವನೇ ಅರ್ಧ ಕನ್ನಡ ಅರ್ಧ ತೆಲುಗಿನ ಒಂದು ಪದ್ಯ ಎತ್ತಿದ. ಪತಿವ್ರತೆಯೇ ಏಳು ಎಂದು ಕಮಂಡಲದ ನೀರು ಚಿಮುಕಿಸಿದ. ಹುಡುಗಿ ಏಳಲಿಲ್ಲ. ಮಾಸ್ತರು ಪೇಟಿಯಲ್ಲಿ ಅದೇ ಸಾಲನ್ನು ಮತ್ತೆ ನುಡಿಸಿದರು, ಈಶ್ವರ ಮತ್ತೆ ನೀರು ಹಾಕಿದ. ಆಕೆ ಮಿಸುಕಲಿಲ್ಲ. ಕೊನೆಗೆ ಈಶ್ವರ ಬಗ್ಗಿ ಹೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು: "ಏಳವಾ, ನನಗ ಬಸ್ಸು ಐತಿ." ಪ್ರಾಂಶುಪಾಲರೇ ಆರತಿ ತಟ್ಟೆ ಹಿಡಿದು ಮೇಲೆ ಹತ್ತಿದ ಮೇಲೆ ಆಕೆ ವಿಧಿಯಿಲ್ಲದೆ ಎದ್ದು ನಿಂತಳು. ಮುಖ ಕಪ್ಪಿಟ್ಟಿತ್ತು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಆಕೆಯ ಅಣ್ಣ ಕಣ್ಣೊರೆಸಿಕೊಳ್ಳುತ್ತಿದ್ದ. ಅವನಿಗೆ ತಂಗಿ ಎದ್ದದ್ದೇ ಸಾಕಾಗಿತ್ತು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಾಸ್ತರ ಮೇಲೆ ಎಷ್ಟು ಬಂದಿತ್ತೆಂದರೆ, ಅವರು ನಗುತ್ತ ಕೈಮುಗಿದಾಗ ನಾನು ಮುಖ ತಿರುಗಿಸಿಕೊಂಡು ಹೋದೆ.

ಇದು ಇಲ್ಲಿಗೆ ಮುಗಿದಿದ್ದರೆ ಒಂದು ತಮಾಷೆಯ ಕಥೆಯಾಗಿ ಉಳಿಯುತ್ತಿತ್ತು. ಪರೀಕ್ಷೆ ಬಂತು. ಆ ಪತ್ರಿಕೆಯ ದೊಡ್ಡ ಪ್ರಶ್ನೆಗಳೆರಡೂ ಈ ನಾಟಕದ ಮೇಲೆಯೇ ಇದ್ದವು. ಒಂದು, ಕಥಾವಸ್ತುವಿನ ತಿರುವನ್ನು ಗುರುತಿಸಿ ನಾಟಕದ ಆಶಯವನ್ನು ಚರ್ಚಿಸಿ. ಇನ್ನೊಂದು ನಮ್ಮ ಹಳೆಯದೇ, ರಾಣಿಯ ದೋಷಗಳನ್ನು ವಿವರಿಸಿ. ಪರೀಕ್ಷೆ ಬರೆದು ಹೊರಬಂದ ಹುಡುಗ ಹುಡುಗಿಯರು ನನ್ನನ್ನು ಸುತ್ತುವರಿದು ಸಂಭ್ರಮದಿಂದ ಹೇಳಿದರು. ಕೊನೆಗೆ ಈಶ್ವರ ಪ್ರತ್ಯಕ್ಷನಾಗಿ ರಾಣಿಯನ್ನು ಬದುಕಿಸುತ್ತಾನೆ ಎಂದು ತರಗತಿಯ ಹೆಚ್ಚಿನವರೆಲ್ಲ ಬರೆದಿದ್ದರು.

"ಪುಸ್ತಕದಾಗ ಹಂಗ ಐತೇನ್ರೋ?" ಎಂದೆ.

"ಪುಸ್ತಕ ಯಾಕ ಮೇಡಂ, ನಾವಽ ಕಣ್ಣಾರೆ ನೋಡೀವಲ್ಲ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಇವರೆಲ್ಲ ಫೇಲು, ಇಡೀ ತರಗತಿ ಮುಳುಗಿತು, ಈ ಮಾಸ್ತರನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದುಕೊಂಡೆ. ಸಿರಿಗೇರಿಯ ಹುಡುಗಿ ದೂರದಲ್ಲಿ ಬ್ಯಾಗು ಹಿಡಿದು ನಿಂತಿದ್ದಳು. ಚೆನ್ನಾಗಿ ಬರೆದಿದ್ದೇನೆ ಎಂಬಂತೆ ನನ್ನತ್ತ ತಲೆಯಾಡಿಸಿದಳು. ನನಗೆ ಅವಳೊಬ್ಬಳ ಬಗ್ಗೆ ನೆಮ್ಮದಿ ಇತ್ತು.

ಫಲಿತಾಂಶ ಬಂತು. ಈಶ್ವರನನ್ನು ಕರೆಸಿದವರೆಲ್ಲ ಪಾಸು. ಹುಡುಗಿ ಫೇಲು.

ಮೊದಲು ಏನೋ ತಪ್ಪಾಗಿದೆ ಎಂದುಕೊಂಡೆವು. ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿದೆವು. ತಿರುವಿನ ಪ್ರಶ್ನೆಗೆ ಆಕೆ ಬರೆದಿದ್ದಳು, ಕಥೆ ತಿರುಗುವುದು ರಾಣಿ ಹೇಳಿದ ಸುಳ್ಳಿನಿಂದಲ್ಲ, ರಾಜ ಹೊತ್ತಿಗೆ ಸರಿಯಾಗಿ ಹೇಳದೆ ಉಳಿಸಿಕೊಂಡ ಮಾತಿನಿಂದ ಎಂದು. ದೋಷದ ಪ್ರಶ್ನೆಗೆ ಬರೆದಿದ್ದಳು, ರಾಣಿಗೆ ದೋಷವಿಲ್ಲ, ಅವಳು ಊರಿಗಾಗಿ ಸುಳ್ಳು ಹೇಳಿದಳು, ಗಂಡನಿಗಾಗಿ ನಿಜ ಹೇಳಿದಳು, ಎರಡರಲ್ಲೂ ತನಗೆಂದು ಏನೂ ಉಳಿಸಿಕೊಳ್ಳಲಿಲ್ಲ ಎಂದು. ಪುಟಗಟ್ಟಲೆ, ಒಂದು ಕಾಟು ಹೊಡೆದದ್ದಿಲ್ಲ. ಆ ಪುಟಗಳ ಮೇಲೆಲ್ಲ ಉದ್ದಕ್ಕೆ ಒಂದು ಗೆರೆ ಎಳೆದು, ಕೆಳಗೆ 'ಅಪ್ರಸ್ತುತ' ಎಂದು ಬರೆದು ಸೊನ್ನೆ ಸುತ್ತಿದ್ದರು. ಮೌಲ್ಯಮಾಪಕರು ಅದನ್ನು ಓದಲು ಎಷ್ಟು ಹೊತ್ತು ತೆಗೆದುಕೊಂಡರೋ ಗೊತ್ತಿಲ್ಲ, ನಾನಂತೂ ಎರಡು ಸಲ ಓದಿದೆ. ನಾನು ಹಾಗೆ ಬರೆಯಲಾರೆ.

ಮರುಮೌಲ್ಯಮಾಪನಕ್ಕೆ ಹಾಕಿದೆವು. ಅಷ್ಟರಲ್ಲಿ ಒಂದು ದಿನ ಆಕೆಯ ಅಣ್ಣ ಸಿರುಗುಪ್ಪ ಬಸ್‌ಸ್ಟ್ಯಾಂಡಿನಲ್ಲಿ ನನಗಾಗಿ ಕಾದು ನಿಂತಿದ್ದ. ಕೈಯಲ್ಲಿ ಗ್ರೀಸು ಹಾಗೇ ಇತ್ತು, ಗ್ಯಾರೇಜಿನಿಂದ ನೇರ ಬಂದಿದ್ದನೆಂದು ಕಾಣುತ್ತದೆ.

"ಮೇಡಂ, ಒಂದ್ ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೊಬ್ಯಾಡ್ರಿ. ಎಲ್ಲಾರೂ ಬರದಂಗ ಬರದಿದ್ರ ಆಕಿದು ಏನ್ ಗಂಟು ಹೋಗತಿತ್ತು?"

"ಆಕಿ ಬರದಿದ್ದಽ ಖರೇ ಐತಪಾ."

"ಖರೇ ಇರಬೌದು. ಮಾವನ ಮನ್ಯಾಗ ನಾ ಏನ್ ಹೇಳ್ಲಿ? ಪಾಸಾಗಾಕಿ ಅದಾಳ, ಇನ್ನಾ ಓದಾಕಿ ಅದಾಳ ಅಂತ ತಡದು ನಿಲ್ಲಿಸೀನಿ. ಮುಂದಿನ ಸಲ ಕಟ್ಟಲಿ. ಅದೂ ಹೋತಂದ್ರ ನನ್ನ ಕೈಲಿ ಆಗಂಗಿಲ್ರಿ."

ಅವನು ಕೆಟ್ಟವನಲ್ಲ. ಅವನ ಜಾಗದಲ್ಲಿ ನಿಂತು ನೋಡಿದರೆ ಅವನು ಕೇಳಿದ್ದು ಸರಿಯೇ. ಆದರೆ ತಂಗಿಯ ಓದು ನಿಲ್ಲುವುದು ಅವನಿಂದಲೂ ಅಲ್ಲ, ಮಾವನಿಂದಲೂ ಅಲ್ಲ, ಯಾರೋ ಎಲ್ಲೋ ಎಳೆದ ಒಂದು ಗೆರೆಯಿಂದ ಎಂಬುದನ್ನು ಅವನಿಗೆ ಹೇಗೆ ತಿಳಿಸಲಿ? ಆ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ಕೂರಲಾಗಲಿಲ್ಲ. ಮಾರನೆಯ ದಿನ ರಜೆ ಹಾಕಿ ಗೈಡು ಬರೆದ ಪ್ರಾಧ್ಯಾಪಕರ ಮನೆಗೆ ಹೋದೆ. ನಿವೃತ್ತರಾಗಿದ್ದರೂ ಪ್ರಶ್ನೆಪತ್ರಿಕೆ ತೆಗೆಯುವ ಸಮಿತಿಯಲ್ಲಿ ಅವರಿದ್ದರು, ಉತ್ತರದ ಅಂಶಗಳ ಪಟ್ಟಿಯನ್ನು ಮೌಲ್ಯಮಾಪಕರಿಗೆ ಕೊಟ್ಟವರೂ ಅವರೇ. ಅಂದರೆ ಪ್ರಶ್ನೆ ಅವರದು, ಉತ್ತರ ಅವರದು, ಆ ಉತ್ತರವಿಟ್ಟು ಮಾರಾಟವಾಗುವ ಗೈಡೂ ಅವರದೇ. ಕಂಟೋನ್ಮೆಂಟಿನಲ್ಲಿ ಎತ್ತರದ ಚಾವಣಿಯ ಹಳೆಯ ಮನೆ, ಒಳಗೆ ತಂಪು. ಕೂರಿಸಿ ನೀರು ಕೊಟ್ಟರು. ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಜೆರಾಕ್ಸನ್ನು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಪೂರ್ತಿ ಓದಿದರು, ಅದನ್ನು ಒಪ್ಪಿಕೊಳ್ಳಬೇಕು.

"ಹುಡುಗಿ ಜಾಣೆ," ಎಂದರು.

"ಹಾಗಾದರೆ ಸೊನ್ನೆ ಯಾಕೆ ಸರ್?"

"ಪ್ರಶ್ನೆ ಏನು ಕೇಳಿದೆ ನೋಡಮ್ಮ. ದೋಷಗಳನ್ನು ವಿವರಿಸಿ ಅಂತ. ದೋಷ ಇದೆಯೋ ಇಲ್ಲವೋ ಅಂತ ಕೇಳಿಲ್ಲ. ಪಟ್ಟಿಯಲ್ಲಿರುವ ಅಂಶ ಒಂದೂ ಇದರಲ್ಲಿಲ್ಲ. ಅವರು ಎಲ್ಲಿಗೆ ಅಂಕ ಕೊಡಬೇಕು?"

"ಈಶ್ವರ ಬಂದು ರಾಣಿಯನ್ನು ಎಬ್ಬಿಸಿದ ಎಂದು ಬರೆದವರಿಗೆ ಕೊಟ್ಟಿದ್ದಾರಲ್ಲ ಸರ್. ನಾಟಕದಲ್ಲೇ ಇಲ್ಲದ ಈಶ್ವರ."

ಅವರಿಗೆ ಅದು ಹೊಸ ಸುದ್ದಿ. ಆದರೂ ತುಂಬ ಸಮಾಧಾನದಿಂದ ಹೇಳಿದರು: "ಅವರು ಅಧಿಕಾರದಾಹ, ಅಸತ್ಯ, ಹಟ, ಆತುರ ಇವನ್ನು ಬರೆದಿರುತ್ತಾರೆ. ಅದಕ್ಕೆ ಅಂಕ ಬಂದಿರುತ್ತದೆ. ಈಶ್ವರ ಬಂದದ್ದು ಹೆಚ್ಚುವರಿ ಮಾಹಿತಿ. ಅದಕ್ಕೆ ಅಂಕ ಕೊಡುವುದೂ ಇಲ್ಲ, ಕಳೆಯುವುದೂ ಇಲ್ಲ."

ನೀರಿನ ಲೋಟ ಕೆಳಗಿಟ್ಟೆ. ರಾಣಿ ಸತ್ತಳೋ ಬದುಕಿದಳೋ ಎಂಬುದು ಇವರ ಪಟ್ಟಿಗೆ ಬೇಕಾಗಿಯೇ ಇರಲಿಲ್ಲ. ಅವಳು ತಪ್ಪಿತಸ್ಥೆ ಎಂದು ಬರೆದುಬಿಟ್ಟರೆ ಮುಗಿಯಿತು, ಆಮೇಲೆ ಅವಳನ್ನು ಸ್ವರ್ಗಕ್ಕಾದರೂ ಕಳಿಸಿ, ಸಿರುಗುಪ್ಪ ಬಸ್ಸಿಗಾದರೂ ಹತ್ತಿಸಿ. ಪೇಟಿ ಮಾಸ್ತರಾದರೂ ಅವಳನ್ನು ಉಳಿಸಬೇಕೆಂದು ಒದ್ದಾಡಿದ್ದರು. ಅವರ ಮೇಲಿದ್ದ ಸಿಟ್ಟೆಲ್ಲ ಆ ತಂಪಾದ ಕೋಣೆಯಲ್ಲಿ ಜಾಗ ಬದಲಿಸಿತು. ಸರ್, ಇದನ್ನು ನೀವು ಪಾಠ ಮಾಡುವಾಗ ಒಮ್ಮೆಯಾದರೂ ರಾಜನ ಬಗ್ಗೆ ಕೇಳಿಕೊಂಡಿದ್ದೀರಾ ಎಂದು ಕೇಳಿದೆ. ಜೋರಾಗಿಯೇ ಕೇಳಿದೆನೆಂದು ಕಾಣುತ್ತದೆ, ಒಳಗಿನಿಂದ ಅವರ ಹೆಂಡತಿ ಬಾಗಿಲ ಬಳಿ ಬಂದು ನಿಂತರು. ಪ್ರಾಧ್ಯಾಪಕರು ಕನ್ನಡಕ ತೆಗೆದು ಜೆರಾಕ್ಸನ್ನು ಅಚ್ಚುಕಟ್ಟಾಗಿ ಮಡಚಿ ನನ್ನ ಕೈಗೆ ಕೊಟ್ಟರು. ಮುಂದಿನ ಪರಿಷ್ಕರಣೆಯಲ್ಲಿ ನೋಡೋಣ ಎಂದರು.

ಮರುಮೌಲ್ಯಮಾಪನದ ಫಲಿತಾಂಶ 'ಬದಲಾವಣೆ ಇಲ್ಲ' ಎಂದು ಬಂದ ದಿನ ಹುಡುಗಿ ಸತ್ಯನಾರಾಯಣಪೇಟೆಯ ನನ್ನ ಮನೆ ಹುಡುಕಿಕೊಂಡು ಬಂದಳು. ನಾನು ಆ ಹೊತ್ತಿಗೆ ಪತ್ರಿಕೆಗಳಿಗೆ ಬರೆಯುವುದು, ಕುಲಪತಿಗಳಿಗೆ ದೂರು ಕೊಡುವುದು, ವಿಶ್ವವಿದ್ಯಾಲಯದ ಗೇಟಿನ ಮುಂದೆ ಧರಣಿ ಕೂರುವುದು ಎಲ್ಲವನ್ನೂ ಯೋಚಿಸಿ ಮುಗಿಸಿದ್ದೆ. ಮಂಡಕ್ಕಿ ಒಗ್ಗರಣೆ ಹಾಕಿ ಮುಂದಿಟ್ಟು ಒಂದೊಂದಾಗಿ ಹೇಳುತ್ತ ಹೋದೆ. ಅವಳು ತಿನ್ನುತ್ತ ಕೇಳಿದಳು. ತಟ್ಟೆ ಖಾಲಿಯಾದ ಮೇಲೆ ಕೈ ತೊಳೆದುಕೊಂಡು ಬಂದು ಕೂತಳು.

"ಮೇಡಂ, ಗೈಡ್ ಐತೇನ್ರಿ ನಿಮ್ಮಂತ್ಯಾಕ?"

"ಯಾಕ?"

"ಓದಾಕ."

ನನ್ನ ಮನೆಯಲ್ಲಿ ಆ ಗೈಡು ಇಡುವುದಿಲ್ಲವೆಂದು ನಾನು ತರಗತಿಯಲ್ಲಿ ಎಷ್ಟೋ ಸಲ ಜಂಬ ಕೊಚ್ಚಿದ್ದೆ. ಅವಳಿಗೂ ಅದು ಗೊತ್ತಿತ್ತು. ಅವಳೇ ಮುಂದುವರಿಸಿದಳು.

"ಸಿಟ್ಟಾಗಬ್ಯಾಡ್ರಿ. ಊರು ಉಳಸಾಕ ರಾಣಿ ಅಷ್ಟು ವರ್ಷ ಸುಳ್ಳು ಹೇಳಿದ್ಲು. ನಾ ಮೂರು ತಾಸು ಹೇಳ್ತೀನಿ. ನನ್ನ ಓದೂ ಒಂದ್ ಊರಽ ಅಲ್ಲೇನ್ರಿ ಮೇಡಂ, ಸಣ್ಣದು."

ಬರೆಯಬೇಡ ಎನ್ನಲು ನನಗೇನು ಹಕ್ಕು? ನನ್ನ ಓದು ಮುಗಿದಿದೆ, ನನ್ನನ್ನು ಯಾರೂ ಯಾರ ಮನೆಗೂ ಕೇಳುತ್ತಿಲ್ಲ. ಪೇಟೆಗೆ ಹೋಗಿ ನನ್ನ ಕೈಯಾರೆ ಗೈಡು ತಂದೆ. ಅಂಗಡಿಯವನು ನನ್ನನ್ನು ಗುರುತು ಹಿಡಿದು, ಮೇಡಂ ನೀವೂ ಇದನ್ನೇ ತಗೊಂಡ್ರಾ ಎಂದು ನಕ್ಕ. ದುಡ್ಡು ಎಣಿಸಿ ಕೊಟ್ಟು ಬಂದೆ.

ಆಮೇಲಿನ ಭಾನುವಾರಗಳಲ್ಲಿ ಆಕೆ ಬರುತ್ತಿದ್ದಳು, ನಾನು ಕಲಿಸುತ್ತಿದ್ದೆ. ರಾಣಿಯ ವಿರುದ್ಧ ಹೇಗೆ ವಾದಿಸಬೇಕೆಂದು, ರಾಣಿಯನ್ನು ಅಷ್ಟು ಚೆನ್ನಾಗಿ ಬಲ್ಲವಳಿಗೆ ನಾನು ಕಲಿಸಿದೆ. ಗೈಡಿನಲ್ಲಿ ಬರೀ ಪದಗಳಿದ್ದವು. ಅಧಿಕಾರದಾಹಕ್ಕೆ ನಾಟಕದಿಂದ ಯಾವ ಮಾತನ್ನು ಎತ್ತಿ ತೋರಿಸಬೇಕು, ಹಟಕ್ಕೆ ಯಾವುದನ್ನು ಎಂದು ಆಕೆಯೇ ಹುಡುಕಿ ತಂದಳು. ಕೊನೆಗೆ ನನಗೇ ಒಂದು ಗಳಿಗೆ, ಹೌದಲ್ಲ, ಈ ರಾಣಿ ಸ್ವಲ್ಪ ಜಾಸ್ತಿಯೇ ಮಾಡಿದಳು ಎನ್ನಿಸಿಬಿಟ್ಟಿತು. ಅಷ್ಟು ಚೆನ್ನಾಗಿತ್ತು ಅವಳ ವಾದ. ನನಗೆ ಅಳು ಬಂತು. ಅಡುಗೆಮನೆಗೆ ಹೋಗಿ ಚಹಾಕ್ಕಿಟ್ಟು ಅತ್ತು ಬಂದೆ.

ಪೂರಕ ಪರೀಕ್ಷೆಯಲ್ಲಿ ಪ್ರಶ್ನೆ ಬದಲಾಗಿರಲಿಲ್ಲ. ಆ ಪ್ರಶ್ನೆ ಬದಲಾಗುವುದಿಲ್ಲ. ಆಕೆ ಪಾಸಾದಳು. ಬರೀ ಪಾಸಲ್ಲ, ಆ ಪತ್ರಿಕೆಯಲ್ಲಿ ನಮ್ಮ ಕಾಲೇಜಿನಿಂದ ಇದುವರೆಗೆ ಯಾರಿಗೂ ಬರದಷ್ಟು ಅಂಕ. ಅಣ್ಣ ಮಾತು ಉಳಿಸಿಕೊಂಡ. ಮಾವನ ಮನೆಯವರಿಗೆ ಏನು ಹೇಳಿದನೋ, ಆಕೆಯನ್ನು ಬಳ್ಳಾರಿಗೆ ತಂದು ಎಂ.ಎ.ಗೆ ಸೇರಿಸಿ, ಹಾಸ್ಟೆಲಿಗೆ ಟ್ರಂಕು ತಾನೇ ಹೊತ್ತುಕೊಂಡು ಹೋಗಿ ಇಟ್ಟ. ಇದಕ್ಕೆ ನಾನು ಸಂತೋಷಪಡಲೇಬೇಕು, ಪಟ್ಟೆ. ಸಿಟ್ಟು ಮಾತ್ರ ಒಂದು ಕಾಳಿನಷ್ಟೂ ಕಡಿಮೆಯಾಗಲಿಲ್ಲ.

ಮುಂದಿನ ವರ್ಷದ ಹೊಸ ತಂಡಕ್ಕೆ ಸ್ವಾಗತ ಮಾಡುವ ದಿನ ಪ್ರಾಂಶುಪಾಲರು ಆಕೆಯನ್ನು ಬಳ್ಳಾರಿಯಿಂದ ಕರೆಸಿದರು. ನನಗೂ ಆಕೆಗೂ ಒಟ್ಟಿಗೆ ಶಾಲು ಹೊದಿಸಿದರು. ಒಮ್ಮೆ ದಾರಿ ತಪ್ಪಿದ ವಿದ್ಯಾರ್ಥಿನಿಯನ್ನು ತಿದ್ದಿ ಸರಿದಾರಿಗೆ ತಂದದ್ದಕ್ಕೆ ನನಗೆ, ಅಷ್ಟು ಅಂಕ ತೆಗೆದದ್ದಕ್ಕೆ ಆಕೆಗೆ ಎಂದು ಮೈಕಿನಲ್ಲಿ ಸಾರಿದರು. ಹೆಗಲ ಮೇಲೆ ಶಾಲು ಕಂಬಳಿಹುಳದ ಹಾಗೆ ಚುಚ್ಚುತ್ತಿತ್ತು. ತೆಗೆದು ಎಸೆಯಬೇಕೆನಿಸಿತು, ಪಕ್ಕದಲ್ಲಿ ಕೂತಿದ್ದ ಹುಡುಗಿಯ ಮುಖ ನೋಡಿ ಸುಮ್ಮನಾದೆ. ಪ್ರಾಂಶುಪಾಲರು ಆಕೆಯ ಮುಂದೆ ಮೈಕು ಸರಿಸಿ, ನಿನ್ನ ತಂಗಿಯರಿಗೆ ಒಂದು ಕಿವಿಮಾತು ಹೇಳಮ್ಮ ಎಂದರು.

ಆಕೆ ಎದ್ದಳು. ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ.

"ಹ್ವಾದ ಸಲ ನಾ ಖರೇ ಬರದಿದ್ದೆ," ಎಂದಳು. "ಈ ಸಲ ಉತ್ತರ ಬರದೆ. ಅಷ್ಟಽ."

ಪ್ರಾಂಶುಪಾಲರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹುಡುಗಿಯರು ಪೆನ್ನಿನ ಮುಚ್ಚಳ ತೆಗೆದು ಅದನ್ನು ಬರೆದುಕೊಂಡರು.